ಕಪ್ಪು ತಂತಿ ಮೊದಲು, ಕಪ್ಪು ತಂತಿ ಕಡೆಗೆ

ಈ ಸಂಚಿಕೆಯನ್ನು ನೋಡುತ್ತಿರುವವರು ನನ್ನ ಕೈಯಲ್ಲಿರುವ ಸ್ಪ್ಯಾನರಿನ ಕಡೆಗೆ ಒಮ್ಮೆ ದೃಷ್ಟಿಯಿಡಬೇಕು. ಬರಿದೆ ಕೇಳುತ್ತಿರುವವರಿಗಾಗಿ ಅದನ್ನು ವರ್ಣಿಸುತ್ತೇನೆ. ಗೇಣುದ್ದಕ್ಕೂ ಕಡಿಮೆಯಾದ, ಯಾವ ವೈಶಿಷ್ಟ್ಯವೂ ಇಲ್ಲದ, 7/16 ಅಂಗುಲದ ಸ್ಪ್ಯಾನರ್ ಇದು. ಇದರ ಹಿಡಿಯ ತುದಿಯಲ್ಲಿ ಯಾರೋ ಕಚ್ಚಿ ತೆಗೆದಂತೆ ಅರ್ಧಚಂದ್ರಾಕಾರದ ಒಂದು ಕುಳಿಯಿದೆ. ಕುಳಿಯ ಸುತ್ತ ಉಕ್ಕು ನೀಲಿಗಟ್ಟಿದೆ. ಅರದಿಂದ ಉಜ್ಜಿ ಇಷ್ಟು ಲೋಹವನ್ನು ತೆಗೆಯಬೇಕಾದರೆ ಬಹಳ ಹೊತ್ತಿನ ದುಡಿಮೆ ಬೇಕು. ಈ ಕುಳಿಯಾದದ್ದಾದರೋ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ.

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಕೊಲಂಬಸ್ ನಗರದ ಹೊರವಲಯದಲ್ಲಿ ಮನೆ ಮಾಡಿಕೊಂಡಿರುವ ನನ್ನಂತಹ ಕನ್ನಡಿಗರಿಗೆ, ಏಪ್ರಿಲ್ ತಿಂಗಳು ಬಂದು ಹಿಮವೆಲ್ಲ ಕರಗಿ ಅಂಗಳದ ಹುಲ್ಲು ವಾರಕ್ಕೊಂದು ಗೇಣು ಏರತೊಡಗಿತೆಂದರೆ, ಐದು ತಿಂಗಳು ಷೆಡ್ಡಿನಲ್ಲಿ ಮಲಗಿದ್ದ ಸವಾರಿಯ ಲಾನ್ ಮೋವರನ್ನು ಎಬ್ಬಿಸುವ ಕೆಲಸ ತಪ್ಪಿದ್ದಲ್ಲ. ಅಂತಹ ಒಂದು ವಸಂತದ ಬೆಳಗ್ಗೆ ನಾನು ಬೀಗದಕೈ ತಿರುಗಿಸಿದಾಗ ಯಂತ್ರವು ಒಮ್ಮೆ ‘ಟಿಕ್’ ಎಂದು ಸುಮ್ಮನಾಯಿತು. ಬ್ಯಾಟರಿ ಸತ್ತಿದೆಯೆಂದು ಬಗೆದು, ಆಸನವನ್ನು ಮೇಲೆತ್ತಿ, ಯಾವ ತಂತಿ ಕೈಗೆ ಹತ್ತಿರವಿತ್ತೋ ಅದನ್ನೇ ಮೊದಲು ಬಿಚ್ಚಲು ಹೊರಟೆ. ಹತ್ತಿರವಿದ್ದದ್ದು ಕೆಂಪು ತಂತಿ. ಸ್ಪ್ಯಾನರಿನ ಬಾಯಿ ಕೆಂಪು ತಂತಿಯ ಬೋಲ್ಟನ್ನು ಹಿಡಿದಿತ್ತು. ಅದನ್ನು ತಿರುಗಿಸುವಾಗ ಅದರ ಹಿಡಿ ಹಿಂದಿದ್ದ ಆಸನದ ಲೋಹದ ತಿರುಗಣಿಗೆ ತಗುಲಿತು. ನೀಲಿ ಬೆರೆತ ಬಿಳಿಯ ಬೆಳಕು, ಪಟಾಕಿ ಸಿಡಿದಂತಹ ಶಬ್ದ, ಕರಗಿದ ಉಕ್ಕಿನ ಒಂದು ಹನಿ ಅಂಗಿಯ ತೋಳನ್ನು ತೂತುಮಾಡಿದ ಬಿಸಿ, ಇವು ಮೂರೂ ಏಕಕಾಲದಲ್ಲಿ ಸಂಭವಿಸಿದವು. ನನ್ನ ಬೆರಳಿನಲ್ಲಿ ಮದುವೆಯ ಉಂಗುರವಿತ್ತು. ಸ್ಪ್ಯಾನರಿಗೂ ಉಂಗುರಕ್ಕೂ ಇದ್ದ ಅಂತರ ಎರಡು ಬೆರಳಿನಗಲ.

ಸತ್ತಿದೆಯೆಂದು ನಾನು ಬಗೆದಿದ್ದ ಬ್ಯಾಟರಿಯೇ ಇಷ್ಟು ಮಾಡಿತು ಎಂಬುದನ್ನು ಗಮನಿಸಬೇಕು. ನಾವು ಊರಿನಲ್ಲಿ ಬೆಳೆಯುವಾಗ ವಿದ್ಯುತ್ತಿನ ವಿಷಯದಲ್ಲಿ ಕಲಿತ ಭಯ ಒಂದೇ: ಕರೆಂಟು ಹೊಡೆಯುತ್ತದೆ ಎಂಬುದು. 12 ವೋಲ್ಟಿನ ಬ್ಯಾಟರಿ ಹೊಡೆಯುವುದಿಲ್ಲ. ಒಣಗಿದ ಬರಿಗೈಯಿಂದ ಎರಡು ತುದಿಗಳನ್ನೂ ಮುಟ್ಟಿದರೂ ಏನೂ ಅನುಭವಕ್ಕೆ ಬಾರದು. ಆದಕಾರಣವೇ ಅದನ್ನು ಸಾಧುಪ್ರಾಣಿಯೆಂದು ನಂಬುತ್ತೇವೆ. ಅದು ಹೊಡೆಯದು, ಸುಡುವುದು. ಅದರೊಳಗಿನ ಪ್ರತಿರೋಧ ಅತ್ಯಲ್ಪವಾದುದರಿಂದ, ಎರಡು ತುದಿಗಳ ನಡುವೆ ಒಂದು ಉಕ್ಕಿನ ತುಂಡು ಅಡ್ಡಬಿದ್ದರೆ ನೂರಾರು ಆಂಪಿಯರ್ ಪ್ರವಾಹ ಆ ತುಂಡಿನ ಮೂಲಕ ನುಗ್ಗುತ್ತದೆ. ಇಲ್ಲಿನ ಒಂದು ಸಾಮಾನ್ಯ ಮನೆಯ ಸಮಸ್ತ ವಿದ್ಯುತ್ತಿಗೂ ಮಿತಿಯಾಗಿರುವ ಮುಖ್ಯ ಬ್ರೇಕರು 200 ಆಂಪಿಯರಿನದು ಎಂಬುದನ್ನು ಇದರೊಡನೆ ಹೋಲಿಸಿ ನೋಡಿರಿ. ಮನೆಯ ತಂತಿಗೆ ಆ ಬ್ರೇಕರಿನ ಕಾವಲಿದೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ತಂತಿಗಾದರೋ ಸಾಮಾನ್ಯವಾಗಿ ಯಾವ ಫ್ಯೂಸಿನ ಕಾವಲೂ ಇಲ್ಲ. ಚಿನ್ನದ ಉಂಗುರವೊಂದು ಆ ದಾರಿಯ ಸೇತುವೆಯಾದರೆ, ಅದನ್ನು ಕಳಚಿಕೊಳ್ಳಬೇಕೆಂಬ ಯೋಚನೆ ಹುಟ್ಟುವ ಮೊದಲೇ ಬೆರಳಿನ ಸುತ್ತ ಬರೆ ಎಳೆದಿರುತ್ತದೆ.

ಇನ್ನು ನನ್ನ ವಾದಕ್ಕೆ ಬರುತ್ತೇನೆ. ಎಂಜಿನ್ ನಿಂತಿರುವಾಗ ಯಾವ ತಂತಿಯನ್ನು ಮೊದಲು ಬಿಚ್ಚಿದರೇನು, ನಾವು ಇಪ್ಪತ್ತು ವರ್ಷದಿಂದ ಹೇಗೆಂದರೆ ಹಾಗೆ ಬಿಚ್ಚಿದ್ದೇವೆ, ಏನೂ ಆಗಿಲ್ಲ ಎಂದು ಹೇಳುವವರು ಅನೇಕರಿದ್ದಾರೆ. ಅವರ ಅನುಭವ ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಅನುಭವದಿಂದ ಅವರು ಎಳೆದ ತೀರ್ಮಾನ ಸುಳ್ಳು. ಯಂತ್ರದ ಲೋಹದ ಚೌಕಟ್ಟೆಲ್ಲವೂ ಕಪ್ಪು ತಂತಿಯ ಮೂಲಕ ಬ್ಯಾಟರಿಯ ಋಣಾಗ್ರಕ್ಕೆ ಸೇರಿಕೊಂಡಿದೆ. ಎಂದಮೇಲೆ ಆಸನದ ತಿರುಗಣಿ, ಎಂಜಿನ್, ಬ್ಯಾಟರಿ ಕೂರುವ ತಟ್ಟೆಯ ಅಂಚು, ಇವೆಲ್ಲವೂ ಋಣಾಗ್ರದ ವಿಸ್ತಾರವೇ. ಕೆಂಪು ಬೋಲ್ಟಿನ ಮೇಲಿರುವ ಸ್ಪ್ಯಾನರ್ ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಮಂಡಲ ಪೂರ್ಣವಾಗುತ್ತದೆ. ಕಪ್ಪು ತಂತಿಯನ್ನು ಮೊದಲು ಬಿಚ್ಚುವಾಗಲಾದರೋ ಸ್ಪ್ಯಾನರ್ ಚೌಕಟ್ಟಿಗೆ ಎಷ್ಟು ಬಾರಿ ತಗುಲಿದರೂ ಋಣವು ಋಣವನ್ನೇ ಮುಟ್ಟಿದಂತಾಗುವುದರಿಂದ ಕಿಡಿ ಹುಟ್ಟುವುದಿಲ್ಲ. ಒಮ್ಮೆ ಅದನ್ನು ಬಿಚ್ಚಿ ದೂರ ಸರಿಸಿದ ಮೇಲೆ ಚೌಕಟ್ಟಿಗೂ ಬ್ಯಾಟರಿಗೂ ಸಂಬಂಧವೇ ಕಡಿದುಹೋಗುವುದರಿಂದ ಕೆಂಪು ಬೋಲ್ಟಿನ ಸ್ಪ್ಯಾನರ್ ಚೌಕಟ್ಟಿಗೆ ತಗುಲಿದರೂ ಅಪಾಯವಿಲ್ಲ. ಇಪ್ಪತ್ತು ವರ್ಷ ಅವರನ್ನು ಕಾಪಾಡಿದ್ದು ಅವರ ಕ್ರಮವಲ್ಲ, ಸ್ಪ್ಯಾನರಿನ ತುದಿಗೂ ಲೋಹಕ್ಕೂ ನಡುವೆ ಉಳಿದ ಅರ್ಧ ಅಂಗುಲದ ಗಾಳಿ. ಕಪ್ಪು ತಂತಿಯನ್ನು ಮೊದಲು ಬಿಚ್ಚುವುದಕ್ಕೆ ಒಂದು ಕಾಸೂ ಖರ್ಚಿಲ್ಲ, ಒಂದು ನಿಮಿಷವೂ ಹೆಚ್ಚು ಹಿಡಿಯುವುದಿಲ್ಲ. ಇಷ್ಟು ಸುಲಭವಾಗಿ ದೊರೆಯುವ ರಕ್ಷಣೆಯನ್ನು ಹಟದಿಂದ ನಿರಾಕರಿಸುವುದನ್ನು ಧೈರ್ಯವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕಿಡಿಯ ಮಾತಿಗೆ ಮತ್ತೊಂದು ಮುಖವಿದೆ. ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿಯನ್ನು ಚಾರ್ಜು ಮಾಡುವಾಗ, ಅದರಲ್ಲಿಯೂ ಕಡೆಯ ಘಟ್ಟದಲ್ಲಿ, ಒಳಗಿನ ನೀರು ಒಡೆದು ಜಲಜನಕವೂ ಆಮ್ಲಜನಕವೂ ಹೊರಬರುತ್ತವೆ. ಗಾಳಿಯಲ್ಲಿ ಜಲಜನಕ ಶೇಕಡ 4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಅದು ಹೊತ್ತಿಕೊಳ್ಳಬಲ್ಲದು. ರಾತ್ರಿಯೆಲ್ಲ ಚಾರ್ಜರಿಗೆ ಕಚ್ಚಿಸಿಟ್ಟು ಬೆಳಗ್ಗೆ ಅದೇ ತಪ್ಪನ್ನು ಮಾಡಿದ್ದರೆ ಕುಳಿಬಿದ್ದ ಸ್ಪ್ಯಾನರೊಂದಿಗೆ ಪ್ರಕರಣ ಮುಗಿಯುತ್ತಿತ್ತೆಂದು ಹೇಳಲಾರೆ. ಬ್ಯಾಟರಿಯ ಮುಚ್ಚಳವೇ ಸಿಡಿದು ಆಮ್ಲ ಮುಖಕ್ಕೆ ಎರಚಬಹುದಾಗಿತ್ತು. ಆದ್ದರಿಂದ ಕಣ್ಣಿಗೆ ಕನ್ನಡಕ, ಕೈಗೆ ಗವಸು, ಬೆರಳಿನಲ್ಲಿ ಉಂಗುರವಿಲ್ಲದಿರುವುದು, ತೆರೆದ ಬಾಗಿಲು, ಈ ನಾಲ್ಕನ್ನೂ ಕಡ್ಡಾಯವೆಂದು ತಿಳಿಯತಕ್ಕದ್ದು. ಆಮ್ಲ ಕಣ್ಣಿಗೆ ಬಿದ್ದಿತೆಂದರೆ ಹರಿಯುವ ತಣ್ಣೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ತಕ್ಷಣ ವೈದ್ಯರಲ್ಲಿಗೆ ಹೋಗಬೇಕು. ಅಡುಗೆ ಸೋಡದ ನೀರು ನೆಲಕ್ಕೂ ಲೋಹಕ್ಕೂ ಹಾಕತಕ್ಕದ್ದೇ ಹೊರತು ಕಣ್ಣಿಗೆ ಅಲ್ಲ.

ಚಾರ್ಜರಿನ ಹಿಡಿಕೆಗಳನ್ನು ಕಚ್ಚಿಸುವಾಗಲೂ ತೆಗೆಯುವಾಗಲೂ ಚಾರ್ಜರು ಗೋಡೆಯ ವಿದ್ಯುತ್ತಿಗೆ ಸೇರಿರಬಾರದು. ಕಾರಿನ ಬ್ಯಾಟರಿಯಿಂದ ಜಂಪರ್ ತಂತಿ ಕೊಟ್ಟು ಮೋವರನ್ನು ಎಬ್ಬಿಸುವವರು ಕಾರಿನ ಎಂಜಿನನ್ನು ಆರಿಸಿಟ್ಟು, ಕಡೆಯ ಕಪ್ಪು ಹಿಡಿಕೆಯನ್ನು ಸತ್ತ ಬ್ಯಾಟರಿಗೆ ಹಾಕದೆ ಮೋವರಿನ ಚೌಕಟ್ಟಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರಕ್ಕೆ ಹಾಕಬೇಕು; ಕಡೆಯ ಸ್ಪರ್ಶದಲ್ಲಿ ಕಿಡಿ ಹಾರುವುದು ಸಹಜ, ಅದು ಜಲಜನಕವಿಲ್ಲದ ಕಡೆ ಹಾರಲಿ ಎಂಬುದೇ ಇದರ ತಾತ್ಪರ್ಯ.

ಸ್ಪ್ಯಾನರಿನ ಕಥೆಯಲ್ಲಿ ಬಹುಕಾಲ ಕಳೆದೆ. ಉಳಿದುದನ್ನು ಬೇಗ ಹೇಳುತ್ತೇನೆ.

ಹೊಸ ಬ್ಯಾಟರಿಗೆ ಹಣ ಕೊಡುವ ಮೊದಲು ಹಳೆಯದು ನಿಜವಾಗಿ ಸತ್ತಿದೆಯೇ ಎಂದು ವಿಚಾರಿಸಿರಿ. ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ ಬ್ಯಾಟರಿ 12.6 ವೋಲ್ಟು ಅಥವಾ ಹೆಚ್ಚು ತೋರಿಸಿದರೆ ತುಂಬಿದೆ; 12.4ಕ್ಕಿಂತ ಕೆಳಗಿದ್ದರೆ ಚಾರ್ಜು ಬೇಡುತ್ತಿದೆ. ಪೂರ್ಣ ಚಾರ್ಜಾದ ಮೇಲೂ ಬೀಗದಕೈ ತಿರುಗಿಸಿದಾಗ 9.6ಕ್ಕಿಂತ ಕೆಳಗೆ ಕುಸಿಯುತ್ತಿದ್ದರೆ ಅದರ ಆಯುಸ್ಸು ಮುಗಿಯಿತೆಂದು ತಿಳಿಯಬಹುದು. ತುದಿಗಳಲ್ಲಿ ಬಿಳಿಯ, ಹಸಿರು ಬೆರೆತ ಪುಡಿ ಕಟ್ಟಿದ್ದರೆ, ಅಥವಾ ಚೌಕಟ್ಟಿನ ಕಡೆಯ ಬೋಲ್ಟು ಸಡಿಲವಾಗಿದ್ದರೆ, ಒಳ್ಳೆಯ ಬ್ಯಾಟರಿಯೂ ‘ಟಿಕ್’ ಎಂದು ಸುಮ್ಮನಾಗುತ್ತದೆ. ಅಂದು ನನ್ನ ಯಂತ್ರಕ್ಕಿದ್ದ ರೋಗವೂ ಬಹುಪಾಲು ಇದೇ. ಎರಡೂ ತಂತಿಗಳನ್ನು ಬಿಚ್ಚಿ, ಸೋಡದ ನೀರಿನಲ್ಲಿ ತೊಳೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಮತ್ತೆ ಬಿಗಿಮಾಡಿದ ಮೇಲೆ ವ್ಯಾಸಲೀನ್ ಸವರಿದರೆ ಸಾಕಾಗುವುದುಂಟು. ತೊಳೆಯುವಾಗ ಸೋಡದ ನೀರು ಕೋಶಗಳ ಮುಚ್ಚಳದೊಳಕ್ಕೆ ಇಳಿಯಬಾರದು.

ಬದಲಿಸಲೇಬೇಕಾದರೆ, ಸವಾರಿ ಮೋವರುಗಳಲ್ಲಿ ಹೆಚ್ಚಿನವು ಬೇಡುವುದು ಯು1 ಎಂಬ ಅಳತೆಯ 12 ವೋಲ್ಟಿನ ಬ್ಯಾಟರಿ. ಅದರ ಹೆಸರಿನ ಕಡೆಯಲ್ಲಿ ಆರ್ ಅಥವಾ ಎಲ್ ಎಂದಿರುವುದನ್ನು ಕಡೆಗಣಿಸಬೇಡಿ: ತುದಿಗಳು ನಮ್ಮ ಕಡೆಗಿರುವಂತೆ ಇಟ್ಟಾಗ ಧನಾಗ್ರ ಬಲಕ್ಕಿದೆಯೋ ಎಡಕ್ಕಿದೆಯೋ ಎಂಬುದನ್ನು ಅದು ಹೇಳುತ್ತದೆ. ತಪ್ಪಿ ತಂದರೆ ತಂತಿ ಎಟುಕದು. ಎಟುಕಿದ ತುದಿಗೆ ಹಾಕಿದವರು ಧ್ರುವಗಳನ್ನು ಅದಲುಬದಲು ಮಾಡಿ ವೋಲ್ಟೇಜ್ ರೆಗ್ಯುಲೇಟರನ್ನು ಸುಟ್ಟುಕೊಳ್ಳುತ್ತಾರೆ. ಬಿಚ್ಚುವ ಕ್ರಮ ಇದು: ಬೀಗದಕೈ ತೆಗೆದು, ಕಪ್ಪು, ತರುವಾಯ ಕೆಂಪು, ತರುವಾಯ ಬ್ಯಾಟರಿಯನ್ನು ಬಿಗಿದಿರುವ ಹಿಡಿಪಟ್ಟಿ. ಬ್ಯಾಟರಿಯನ್ನು ವಾಲದಂತೆ ನೇರವಾಗಿ ಎತ್ತುವುದು. ಹೊಸದನ್ನು ಕೂರಿಸಿ ಹಿಡಿಪಟ್ಟಿ ಬಿಗಿದು, ಕೆಂಪು, ಕಡೆಯಲ್ಲಿ ಕಪ್ಪು. ಎಂಜಿನ್ ಓಡುವಾಗ ಅಳೆದರೆ 13.5ರಿಂದ 14.5 ವೋಲ್ಟಿನ ನಡುವೆ ಇರಬೇಕು. ಇಲ್ಲದಿದ್ದರೆ ದೋಷ ಬ್ಯಾಟರಿಯದಲ್ಲ, ಚಾರ್ಜಿಂಗ್ ವ್ಯವಸ್ಥೆಯದು.

ಊರಿನ ಮನೆಯಲ್ಲಿ ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ ಅಭ್ಯಾಸವಿರುವವರಿಗೆ ಒಂದು ಮಾತು: ಮುಚ್ಚಳ ತೆರೆಯಬಲ್ಲ ಬ್ಯಾಟರಿಗೆ ಮಾತ್ರ ಆ ಉಪಚಾರ ಸಲ್ಲುತ್ತದೆ, ಅದೂ ಪೂರ್ಣ ಚಾರ್ಜಾದ ಮೇಲೆ. ಎಜಿಎಂ ಎಂಬ ಮುಚ್ಚಿದ ಬಗೆಯ ಬ್ಯಾಟರಿಯನ್ನು ಬಲವಂತದಿಂದ ತೆರೆಯಬಾರದು. ಆಮ್ಲವನ್ನು ಎಂದಿಗೂ ಸೇರಿಸಬಾರದು. ಕಡಿಮೆಯಾಗುವುದು ನೀರು, ಆಮ್ಲವಲ್ಲ.

ಚಳಿಗಾಲದ ವಿಷಯ. ತುಂಬಿದ ಬ್ಯಾಟರಿಯ ದ್ರವ ಶೂನ್ಯಕ್ಕಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೆಪ್ಪುಗಟ್ಟದು. ಬರಿದಾದುದು ಸುಮಾರು 7 ಡಿಗ್ರಿ ಕೆಳಗೇ ಹೆಪ್ಪುಗಟ್ಟಿ ಪೆಟ್ಟಿಗೆಯನ್ನು ಸೀಳಬಲ್ಲದು. ಖಾಲಿ ಬಿಟ್ಟ ಕಾಲವೆಲ್ಲ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಕರಗದಂತಾಗುತ್ತದೆ. ಆದಕಾರಣ ಅಕ್ಟೋಬರಿನಲ್ಲಿ ಪೂರ್ಣವಾಗಿ ತುಂಬಿಸಿ, ತಾನಾಗಿ ನಿಲ್ಲಬಲ್ಲ, ಮೇಂಟೇನರ್ ಎಂಬ ಚಿಕ್ಕ ಚಾರ್ಜರಿಗೆ ಸೇರಿಸಿಡಿ, ಅಥವಾ ತಿಂಗಳಿಗೊಮ್ಮೆ ಅಳೆದು 2 ಆಂಪಿಯರಿನಷ್ಟು ನಿಧಾನವಾಗಿ ತುಂಬಿಸಿರಿ. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರನ್ನು ಮುಟ್ಟಿಸಬಾರದು. ಕಾಂಕ್ರೀಟು ನೆಲದ ಮೇಲಿಟ್ಟರೆ ಬ್ಯಾಟರಿ ಬರಿದಾಗುತ್ತದೆಂಬ ನಂಬಿಕೆ ಹಿಂದಿನ ಮರದ ಪೆಟ್ಟಿಗೆಗಳ, ತೇವ ಹೀರುವ ಹೊದಿಕೆಗಳ ಕಾಲಕ್ಕೆ ಹೊಂದಿದ್ದ ಮಾತು. ಇಂದಿನ ಪಾಲಿಪ್ರೊಪಿಲೀನ್ ಪೆಟ್ಟಿಗೆಗೆ ಅದು ಅನ್ವಯಿಸದು. ಬ್ಯಾಟರಿಯ ನೆತ್ತಿಯ ಮೇಲಿನ ತೇವದ ಕೊಳೆಯಿಂದ ವಿದ್ಯುತ್ ಸೋರುತ್ತದೆ, ಕೆಳಗಿನ ನೆಲದಿಂದಲ್ಲ.

ಹಳೆಯ ಬ್ಯಾಟರಿಯನ್ನು ಅಂಗಡಿಗೆ ಮರಳಿಸಿ, ಹೊಸದನ್ನು ಕೊಳ್ಳುವಾಗ ಇಟ್ಟ ಠೇವಣಿ ಪಡೆಯಿರಿ. ಅದರೊಳಗಿರುವುದು ಸೀಸ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಯ ಬಗ್ಗೆ ಎಚ್ಚರ ಮೂಡಿಸಲು ದೀರ್ಘಕಾಲ ದುಡಿದರು. ಮಕ್ಕಳ ಮೆದುಳಿಗೆ ಹಾನಿ ಮಾಡುವ ಈ ಲೋಹ ನಿಮ್ಮ ಹಿತ್ತಲ ಮಣ್ಣಿಗಿಳಿಯಬಾರದು.

ಮುಗಿಸುವ ಮೊದಲು ಒಂದು ತಿದ್ದುಪಡಿ. ಕಪ್ಪು ತಂತಿ ಮೊದಲು ಎಂದು ನಾನು ಸೂತ್ರದಂತೆ ಹೇಳಿದೆ. ಸೂತ್ರವಾಗಿ ಕಲಿತರೆ ಅದು ಒಂದು ದಿನ ಕೈಕೊಡಬಹುದು. ಇಲ್ಲಿನ ಹಳ್ಳಿಗಾಡಿನ ಯಾರಾದರೂ 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ ಟ್ರ್ಯಾಕ್ಟರಿಗೆ ಕೈಹಾಕಲು ನಿಮ್ಮನ್ನು ಕರೆದರೆ ನೆನಪಿಡಿ: ಮೂಲರೂಪದಲ್ಲಿ ಅದು 6 ವೋಲ್ಟಿನದು, ಅದರ ಚೌಕಟ್ಟು ಸೇರಿಕೊಂಡಿರುವುದು ಧನಾಗ್ರಕ್ಕೆ. ಅಲ್ಲಿ ಮೊದಲು ಬಿಚ್ಚತಕ್ಕದ್ದು ಧನಾಗ್ರದ ತಂತಿ. ಬಣ್ಣವನ್ನಲ್ಲ, ತಂತಿಯ ಇನ್ನೊಂದು ತುದಿ ಎಲ್ಲಿಗೆ ಹೋಗಿದೆಯೆಂಬುದನ್ನು ನೋಡಬೇಕು: ಚೌಕಟ್ಟಿಗೆ ಹೋದದ್ದು ಮೊದಲು ಹೊರಗೆ, ಕಡೆಯಲ್ಲಿ ಒಳಗೆ.

ಷೆಡ್ಡಿನ ಬಾಗಿಲ ಬಳಿ ಒಂದು ಮೊಳೆ ಹೊಡೆದಿದ್ದೇನೆ. ಆಸನವನ್ನು ಎತ್ತುವ ಮೊದಲು ಉಂಗುರ ತೆಗೆದು ಅದಕ್ಕೆ ಸಿಕ್ಕಿಸುತ್ತೇನೆ. ಈ ಸ್ಪ್ಯಾನರ್ ತೂಗುವುದೂ ಅದೇ ಮೊಳೆಗೆ.