ಪಟ್ಟಿಯಲ್ಲಿ ಹೆಸರಿಲ್ಲದವರು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಹೊಸ ಪದವೀಧರರೇ,

ನೀವು ಗಳಿಸಿದ ಅಂಕಗಳೆಲ್ಲ ನಿಮ್ಮ ಕೈಯಲ್ಲಿರುವ ಹಾಳೆಯಲ್ಲಿವೆ. ಅಷ್ಟು ಅಂಕ ಗಳಿಸುವವರೆಗೆ ನಿಮ್ಮನ್ನು ಕಾಲೇಜಿನಲ್ಲಿ ಹಿಡಿದು ನಿಲ್ಲಿಸಿದ್ದು ಯಾವುದು ಎಂಬುದು ಮಾತ್ರ ಅದರಲ್ಲಿಲ್ಲ. ಕಾಲೇಜಿಗೆ ಸೇರುವುದು ಒಂದು, ಸೇರಿದ ಮೇಲೆ ಉಳಿಯುವುದು ಇನ್ನೊಂದು. ಈ ಎರಡನೆಯದಕ್ಕೆ ಪಾಠದ ಹೊರಗಿನ ಶಿಬಿರ, ದಳ, ಮೇಳಗಳ ಆಸರೆ ದೊಡ್ಡದು ಎಂದು ನಂಬಿದವನು ನಾನು. ಇವತ್ತಿನ ಮಾತು ಅವುಗಳ ಬಗ್ಗೆ.

ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಸುಮಾರು 40 ಸಾವಿರ ವಿದ್ಯಾರ್ಥಿಗಳೊಂದಿಗೆ ಶುರುವಾಯಿತು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ. ಶಿಬಿರವೆಂದರೆ ಹೇಗೆಂದು ನಿಮಗೆ ಗೊತ್ತು: ಹಳ್ಳಿ ಶಾಲೆಯ ಕೋಣೆಯಲ್ಲಿ ಚಾಪೆ, ಬೆಳಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸದ ಹೊತ್ತಿಗೆ ತೂಕಡಿಕೆ, ರಾತ್ರಿ ಮನರಂಜನೆ. ಅಂಥ ಉಪನ್ಯಾಸ ಕೊಟ್ಟವರಲ್ಲಿ ನಾನೂ ಒಬ್ಬ. ತೂಕಡಿಸಿದವರ ಮೇಲೆ ನನಗೇನೂ ಸಿಟ್ಟಿಲ್ಲ. ಶಿಬಿರದ ಪಾಠ ಇರುವುದು ಅಡುಗೆ ಸರದಿಯಲ್ಲಿ. ಅಷ್ಟೂ ಜನಕ್ಕೆ ಅನ್ನ ಬೇಯಿಸುವ ದಿನ, ಗಂಜಿ ಬಸಿಯಲು ಬಾರದ ಹುಡುಗ ಬಲ್ಲವರ ಹತ್ತಿರ ಕೇಳಲೇಬೇಕು. 'ನಂಗೆ ಬರೂದಿಲ್ಲ, ಹೇಳಿಕೊಡಿ' ಎನ್ನುವ ನಾಲಿಗೆ ಅಲ್ಲಿ ಮೊದಲ ಸಲ ಸಡಿಲವಾಗುತ್ತದೆ. ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಎಡವುವುದು ಬುದ್ಧಿಗಿಂತ ಹೆಚ್ಚಾಗಿ ಈ ಹಿಂಜರಿಕೆಯಿಂದ. ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ ಯಾವುದು, ಹಾಜರಾತಿ ಕಮ್ಮಿಯಾದರೆ ಯಾರನ್ನು ಕಾಣಬೇಕು, ಬ್ಯಾಕ್ ಉಳಿದರೆ ಮುಂದೇನು? ಕೇಳಿದರೆ ಎರಡು ನಿಮಿಷದ ಉತ್ತರ. ಕೇಳದಿದ್ದರೆ ಒಂದು ವರ್ಷ ಹೋಯಿತು.

ಎನ್ನೆಸ್ಸೆಸ್ ಹುಟ್ಟುವ ಮೊದಲೇ ನಮ್ಮ ಸೀಮೆಯಲ್ಲಿ ಇಂಥದೊಂದು ತರಬೇತಿ ಇತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದರು. ಮುಂದೆ ಅವರ ಮಗ ಶಂಭು ಹೆಗಡೆಯವರು ಹೊನ್ನಾವರದ ಗುಣವಂತೆಯಲ್ಲಿ ಎಳೆಯರಿಗೆ ಕ್ರಮಬದ್ಧವಾಗಿ ಯಕ್ಷಗಾನ ಕಲಿಸುವ ಕೇಂದ್ರ ತೆರೆದರು. ಇದನ್ನು ಕಲೆಯ ಸೇವೆಯೆಂದಷ್ಟೇ ಹೊಗಳಿ ಸುಮ್ಮನಾಗುವುದು ನಮ್ಮ ರೂಢಿ. ಅಲ್ಲಿ ಹುಡುಗ ಕಲಿಯುವುದೇನು ನೋಡಿ. ಪ್ರಸಂಗದ ಪದ್ಯ ಸಿದ್ಧವಿದೆ, ಪಾತ್ರಧಾರಿ ಆಡುವ ಅರ್ಥ ಬರೆದಿಟ್ಟಿಲ್ಲ. ಕೃಷ್ಣ ಸಂಧಾನದಲ್ಲಿ ಕೌರವ ಇವತ್ತು ಏನು ಕೇಳುತ್ತಾನೆಂದು ಕೃಷ್ಣನಿಗೆ ಗೊತ್ತಿರುವುದಿಲ್ಲ. ಎದುರಿನವರ ಮಾತನ್ನು ಪೂರ್ತಿ ಕೇಳಬೇಕು, ಪದ್ಯದ ಆವರಣ ಮೀರದೆ ಉತ್ತರಿಸಬೇಕು, ಸೋತ ಕಡೆ ಮುಖ ಕೆಡಿಸಿಕೊಳ್ಳದೆ ಮುಂದಿನ ಪದ್ಯಕ್ಕೆ ಹೋಗಬೇಕು. ತಾಳಮದ್ದಲೆಯಲ್ಲಂತೂ ವೇಷದ ಮರೆಯೂ ಇಲ್ಲ. ಹೈಸ್ಕೂಲಿನಲ್ಲೇ ಇಂಥ ಅರ್ಥ ಹೇಳಿ ಪಳಗಿದವರಿಗೆ ಮೌಖಿಕ ಪರೀಕ್ಷೆಯ ಭಯ ಹೇಗಿದ್ದೀತು? ಸಂದರ್ಶನ ಕೌಶಲದ ಹೆಸರಿನಲ್ಲಿ ಹಣ ಕೊಟ್ಟು ಕಲಿಯುವುದರಲ್ಲಿ ಬಹುಪಾಲು ನಮ್ಮ ಊರಿನ ಯಕ್ಷಗಾನದ ಚೌಕಿಯಲ್ಲೇ ಇತ್ತು.

ಆದರೆ ಆ ಚೌಕಿಗೆ ಎಲ್ಲರ ಮನೆಯ ಮಕ್ಕಳೂ ಬಂದರೇ? ಬರಲಿಲ್ಲ. ಹೆಣ್ಣುಮಕ್ಕಳು ಬಹುಕಾಲ ಹೊರಗೇ ಉಳಿದರು. ನನ್ನ ಮಾತಿನ ಗಂಟು ಇಲ್ಲಿದೆ: ಆಸರೆ ಮುಟ್ಟಬೇಕಾದದ್ದು ಹೀಗೆ ಹೊರಗುಳಿದವರಿಗೆ.

ಅಮೆರಿಕದಲ್ಲಿ ಬಡ ಹೈಸ್ಕೂಲು ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸಲು 1960ರ ದಶಕದಲ್ಲಿ 'ಅಪ್‌ವರ್ಡ್ ಬೌಂಡ್' ಎಂಬ ಯೋಜನೆ ಶುರುವಾಯಿತು. ಅಲ್ಲಿನ ಶಿಕ್ಷಣ ಇಲಾಖೆ ಮಾಡಿಸಿದ ಮೌಲ್ಯಮಾಪನದಲ್ಲಿ, ಕಾಲೇಜು ಸೇರುವವರ ಪ್ರಮಾಣದ ಮೇಲೆ ಒಟ್ಟಾರೆ ಹೆಚ್ಚು ಪರಿಣಾಮ ಕಾಣಲಿಲ್ಲ. ಆದರೆ ಮೊದಲಿನಿಂದ ಹೆಚ್ಚು ಓದುವ ಆಸೆಯನ್ನೇ ಇಟ್ಟುಕೊಳ್ಳದ ಮಕ್ಕಳ ಮೇಲೆ ಸ್ಪಷ್ಟ ಪರಿಣಾಮವಾಗಿತ್ತು. ಹೇಗಾದರೂ ಕಾಲೇಜು ಸೇರುವವರು ಶಿಬಿರವಿಲ್ಲದೆಯೂ ಸೇರುತ್ತಾರೆ; ಬೇಕಾದದ್ದು ಉಳಿದವರಿಗೆ. ನಾವು ಮಾಡುವುದು ತಿರುವುಮುರುವು. ಶಿಬಿರಕ್ಕೆ, ಪ್ರತಿಭಾ ಕಾರಂಜಿಗೆ ಹೆಸರು ಕಳಿಸುವಾಗ ಮುಂದಿನ ಬೆಂಚಿನ ಅದೇ ನಾಲ್ಕು ಮಕ್ಕಳ ಹೆಸರು ಎಲ್ಲ ಪಟ್ಟಿಯಲ್ಲೂ ಇರುತ್ತದೆ.

ನಮ್ಮ ಸೀಮೆಯ ಹಿಂದಿನವರು ಪಟ್ಟಿಯ ಆಚೆಗೂ ಕಣ್ಣು ಹಾಯಿಸಿದ್ದರು. ಭಟ್ಕಳದ ಅಂಜುಮನ್ ಶಿಕ್ಷಣ ಸಂಸ್ಥೆ 1919ರಲ್ಲೇ ಹುಟ್ಟಿತು. ಗೇಣಿ ರೈತರನ್ನು ಸಂಘಟಿಸಿದ ಚುಟುಕು ಕವಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ, ಜನತಾ ವಿದ್ಯಾಲಯಗಳ ಮೂಲಕ ಹೈಸ್ಕೂಲನ್ನು ಹಳ್ಳಿಗೆ ತಂದರು. ಶಾಲೆಯನ್ನೇ ಮಗುವಿನ ಹತ್ತಿರ ಒಯ್ಯುವುದು ಅವರ ಕ್ರಮ.

ಈಗಿನ ಅಡ್ಡಿ ಬೇರೆ ಥರದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾಸರಕೋಡು, ತದಡಿ, ಭಟ್ಕಳದ ಬಂದರುಗಳಲ್ಲಿ ಬೋಟು ದಡ ಸೇರಿದರೆ ಬೋಟಿನಲ್ಲಿ ದುಡಿಯುವವರಿಗೆ ಪಾಲಿಲ್ಲ. ಕಾಲೇಜು ಪ್ರವೇಶ, ಶುಲ್ಕ, ಪುಸ್ತಕ, ಬಸ್ ಪಾಸು ಬರುವುದೂ ಇದೇ ಮಳೆಗಾಲದ ಆರಂಭಕ್ಕೆ. ಮತ್ಸ್ಯ ಬೇಟೆಗೆ ರಜೆ ಕೊಟ್ಟ ಸರ್ಕಾರವೇ ಕಾಲೇಜಿನ ಬಾಗಿಲನ್ನೂ ಅದೇ ವೇಳೆ ತೆರೆಯುತ್ತದೆ. ಎಷ್ಟು ಒಳ್ಳೆಯ ಶಿಬಿರ ನಡೆಸಿದರೂ, ಈ ಎರಡು ತಿಂಗಳನ್ನು ಲೆಕ್ಕಕ್ಕೆ ಹಿಡಿಯದ ಯೋಜನೆ ಮೀನುಗಾರರ ಖಾರ್ವಿಕೇರಿಯ ಹುಡುಗಿಯನ್ನು ಕಾಲೇಜಿಗೆ ಮುಟ್ಟಿಸಲಾರದು. ಹಾಲಕ್ಕಿ, ಗೊಂಡ ಕೇರಿಗಳಿಗೂ ಅವರವರ ದುಡಿಮೆಯ ಕಾಲ ನೋಡಿಯೇ ಹೋಗಬೇಕು.

ಪದವೀಧರರೇ, ನಿಮ್ಮಲ್ಲಿ ಬಹಳ ಜನ ಬೆಂಗಳೂರಿಗೋ ಮಂಗಳೂರಿಗೋ ಗಲ್ಫಿಗೋ ಹೊರಟವರು. ಹೋಗಿ, ದುಡಿಯಿರಿ. ಹತ್ತನೆಯ ಫಲಿತಾಂಶ ಬರುವ ಹೊತ್ತಿಗೆ ಮಾತ್ರ ನೀವು ಓದಿದ ಹೈಸ್ಕೂಲಿಗೆ ಒಮ್ಮೆ ಹೋಗಿ, ಊರಲ್ಲಿ ಇಲ್ಲದವರು ಫೋನಾದರೂ ಮಾಡಿ. ಯಾವ ಶಿಬಿರಕ್ಕೂ ಹೆಸರು ಹೋಗದ ಒಬ್ಬರ ವಿಳಾಸವನ್ನು ಹೆಡ್ಮಾಸ್ತರರಲ್ಲಿ ಕೇಳಿ ಪಡೆಯಿರಿ. ಆ ಮನೆಗೆ ಹೋಗಿ ಪಿಯು ಅರ್ಜಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್ ಇವಿಷ್ಟನ್ನು ಅಪ್ಪ ಅಮ್ಮನ ಎದುರಿಗೇ ಕೂತು ತುಂಬಿಸಿಕೊಡಿ. ಬೋಟು ದಡಕ್ಕೆ ಬರುವ ಮೊದಲೇ ಈ ಕೆಲಸ ಮುಗಿಯಬೇಕು.