ಆಡ್ತಾ ಆಡ್ತಾ ಮಾತು



ನಾವೆಲ್ಲ ಕನ್ನಡ ಓದಲು ಕಲಿತಿದ್ದೇವೆ. ಆದರೆ ನಮ್ಮೆಲ್ಲರ ಮನೆಮಾತು ಕನ್ನಡ ಅಲ್ಲ. ಕೆಲವರದು ಲಂಬಾಣಿ. ಕೆಲವರದು ಉರ್ದು. ಇನ್ನು ಕೆಲವರದು ತೆಲುಗು. ಇವರಿಗೆ ಕನ್ನಡ ಕೇಳಿದರೆ ತಿಳಿಯುತ್ತೆ. ಆದರೆ ಮಾತಾಡಿ ಅಂದರೆ ಸೆರಗು ಬಾಯಿಗೆ ಹೋಗುತ್ತೆ.

ಯಾಕೆ ಹೀಗೆ? ಕೇಳುವಾಗ ಮಾತು ತಾನಾಗಿ ಕಿವಿಗೆ ಬರುತ್ತೆ. ಆಡುವಾಗ ನಾವೇ ಮಾತು ಹುಡುಕಬೇಕು, ಜೋಡಿಸಬೇಕು. ರೊಟ್ಟಿ ಬಡಿಯುವುದನ್ನು ನೋಡಿದರೆ ಸಾಕೇ? ಹಿಟ್ಟಿಗೆ ಕೈ ಹಾಕಬೇಕು. ಮೊದಲ ರೊಟ್ಟಿ ಹರಿಯುತ್ತೆ. ಬಡಿಯುತ್ತಾ ಬಡಿಯುತ್ತಾ ದುಂಡಗಾಗುತ್ತೆ. ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಹಾಗೆ.

ಒಂದು ಅಭ್ಯಾಸ ಮಾಡೋಣ. ಇಬ್ಬಿಬ್ಬರು ಎದುರು ಬದುರು ಕೂರೋಣ. ಬೆಳಗ್ಗೆಯಿಂದ ಏನೇನು ಕೆಲಸ ಮಾಡಿದೆವು? ಒಬ್ಬರು 4 ನಿಮಿಷ ಹೇಳಲಿ, ಇನ್ನೊಬ್ಬರು ಕೇಳಲಿ. ಆಮೇಲೆ ಬೇರೆಯವರ ಎದುರು ಕೂತು ಅದನ್ನೇ 3 ನಿಮಿಷದಲ್ಲಿ ಹೇಳಲಿ. ಮತ್ತೊಬ್ಬರಿಗೆ 2 ನಿಮಿಷದಲ್ಲಿ. ಮೊದಲ ಸಲ ತಡವರಿಸುತ್ತೇವೆ. ಮೂರನೇ ಸಲ ಮಾತು ನಾಲಿಗೆಯ ಮೇಲೇ ಇರುತ್ತೆ. ಭಾಷೆ ಕಲಿಸುವವರು ಬೇರೆ ದೇಶಗಳಲ್ಲೂ ಹೀಗೆ ಮಾಡಿಸುತ್ತಾರೆ. ಯಾವ ಮಾತು ಗೊತ್ತಿಲ್ಲ ಅನ್ನೋದೂ ಬಾಯಿ ಬಿಟ್ಟಾಗಲೇ ಗೊತ್ತಾಗುತ್ತೆ. ಆ ಮಾತನ್ನು ಕೇಳಿ ತಿಳಿಯೋಣ. ಬರೆದು ಇಟ್ಟುಕೊಳ್ಳೋಣ.

ತಪ್ಪಾದರೆ? ಆಗಲಿ. ಉರ್ದುವಿನಲ್ಲಿ ಬಸ್ಸು ಹೆಣ್ಣು. ಅದಕ್ಕೇ ಉರ್ದು ಮನೆಮಾತಿನ ಅಕ್ಕ 'ಬಸ್ಸು ಬಂದಳು' ಅನ್ನಬಹುದು. ಯಾರೂ ನಗಬಾರದು. 'ಹೌದಕ್ಕಾ, ಬಸ್ಸು ಬಂತು' ಎನ್ನಿ. ಅವರು ಅದನ್ನೇ ತಿರುಗಿ ಹೇಳಲಿ. ಕನ್ನಡ ಮನೆಮಾತಿನವರಿಗೆ ಇನ್ನೊಂದು ಮಾತು. ಅವರು ತಡವರಿಸಿದಾಗ ನೀವೇ ಮಾತು ಮುಗಿಸಬೇಡಿ. ಸ್ವಲ್ಪ ಕಾಯಿರಿ.

ಮಾತು ಬಂದರೆ ಏನು ಲಾಭ? ಮಗುವಿಗೆ ಎಷ್ಟು ದಿನದಿಂದ ಜ್ವರ ಎಂದು ಡಾಕ್ಟರಿಗೆ ನಾವೇ ಹೇಳಬಹುದು. ಗಂಡನೋ ಮಗನೋ ಜೊತೆಗೆ ಬರಲಿ ಎಂದು ಕಾಯಬೇಕಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಯ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು. 2010ರಲ್ಲಿ ಈ ಕಾನೂನು ಬಂತು. ಆದರೆ ಸದಸ್ಯೆ ಸುಮ್ಮನೆ ಕೂತರೆ ಅವಳ ಪರವಾಗಿ ಬೇರೆಯವರು ಮಾತಾಡುತ್ತಾರೆ. ಗ್ರಾಮಸಭೆಯಲ್ಲಿ ಮಾತಾಡಲು ಸದಸ್ಯೆಯೇ ಆಗಬೇಕಿಲ್ಲ. ಊರಿನ ಪ್ರತಿ ಮತದಾರಳಿಗೂ ಆ ಹಕ್ಕಿದೆ.

ಮುಂದಿನ ಗ್ರಾಮಸಭೆಗೆ ಎಲ್ಲರೂ ಹೋಗೋಣ. ಒಬ್ಬೊಬ್ಬರು ಒಂದೊಂದು ಮಾತು ಹೇಳೋಣ. 'ನಮ್ಮ ತಾಂಡಾಕ್ಕೆ ನೀರು ಬಂದು ಎಂಟು ದಿನ ಆಯಿತು. ಯಾವಾಗ ಬಿಡುತ್ತೀರಿ?'

ಬನ್ನಿ, ಈ ಮಾತನ್ನು ಈಗಲೇ ಮೂರು ಸಲ ಗಟ್ಟಿಯಾಗಿ ಹೇಳೋಣ.