ಸ್ಪಾನ್ಸರ್ ಪತ್ರದ ಹಣ ಯಾರು ಕೊಡಬೇಕು?

(ಸಂಘದ ಹೊಟೇಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣ ಕಲಿತವನಲ್ಲ. ಏಳನೆಯ ಇಯತ್ತೆ ಮುಗಿಸಿ ಊರಿನಲ್ಲಿ ಬಸ್ಸು ಹತ್ತಿದವನು. ಮುಂಬಯಿಯಲ್ಲಿ ಮೊದಲು ಕಪ್ಪು-ಬಸಿ ತೊಳೆದೆ, ಆಮೇಲೆ ಟೇಬಲು ಒರಸಿದೆ, ಆರು ವರ್ಷ ಕಳೆದ ಮೇಲೆ ದೋಸೆ ಕಾವಲಿಯ ಮುಂದೆ ನಿಲ್ಲುವ ಯೋಗ ಬಂತು. ಇಲ್ಲಿ ಕುಳಿತ ಹೆಚ್ಚಿನವರ ಚರಿತ್ರೆಯೂ ಇದೇ ಆಗಿರುವುದರಿಂದ ಅದನ್ನು ಬೆಳೆಸುವುದಿಲ್ಲ. ಪರದೇಶದ ಹೊಟೇಲು ಕೆಲಸದ ಕುರಿತು ಮಾತಾಡು ಎಂದು ಸಂಘದವರು ಹೇಳಿದ್ದಾರೆ. ಹೇಳಲು ಕಾರಣವೂ ಇದೆ.

ಕಳೆದ ತಿಂಗಳು ಕುಂದಾಪುರ ಕಡೆಯ ತಮ್ಮನೊಬ್ಬ ಸಂಘದ ಕಚೇರಿಗೆ ಬಂದ. ಒಳ್ಳೆಯ ಕೈ, ಅವನು ಹುಯ್ದ ನೀರುದೋಸೆ ತಿಂದವರು ಮತ್ತೊಂದು ಕೇಳದೆ ಎದ್ದದ್ದಿಲ್ಲ. "ಅಣ್ಣಾ, ಲಂಡನ್ನಿನ ಹೊಟೇಲಿನಿಂದ ಸ್ಪಾನ್ಸರ್ ಬಂದಿದೆ. ಒಟ್ಟು ಹನ್ನೆರಡು ಲಕ್ಷ. ನಾಲ್ಕು ಕೊಟ್ಟಾಯಿತು, ಉಳಿದದ್ದಕ್ಕೆ ಅಮ್ಮ ಜಾಗ ಅಡವು ಇಡುತ್ತಾರೆ. ಕಾಗದವನ್ನು ಒಮ್ಮೆ ನೋಡುತ್ತೀರಾ?" ಎಂದ. ಫೋನಿನಲ್ಲಿ ಕಾಗದ ತೋರಿಸಿದ. ಮೇಲೆ ಸಿಂಹದ ಮುದ್ರೆ, ಕೆಳಗೊಂದು ನಂಬರು, ತಾರೀಕು 2025ರ ನವೆಂಬರ. ನನಗೆ ಇಂಗ್ಲಿಷು ಬಾರದು. ನಮ್ಮ ವಕೀಲರು ಓದಿದರು. ಓದಿ ಮುಗಿಸಿ ಅವನ ಮುಖವನ್ನೇ ನೋಡುತ್ತ ಕುಳಿತರು. ಏಕೆಂಬುದನ್ನು ಆಮೇಲೆ ಹೇಳುತ್ತೇನೆ.

ಸ್ಪಾನ್ಸರ್ ಎಂದರೇನು? "ಇಂಥ ಕೆಲಸಕ್ಕೆ, ಇಂಥ ಸಂಬಳಕ್ಕೆ, ಇಂಥವನು ನನಗೆ ಬೇಕು" ಎಂದು ಅಲ್ಲಿಯ ಮಾಲಕನು ತನ್ನ ಸರಕಾರಕ್ಕೆ ಕೊಡುವ ಮಾತು. ಆ ಮಾತಿನ ಮೇಲೆ ನಿಮಗೆ ವೀಸಾ. ಮಾಲಕರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ವೆಂಬ್ಲಿಯಲ್ಲೋ ಈಸ್ಟ್ ಹ್ಯಾಮಿನಲ್ಲೋ ಹೊಟೇಲು ನಡೆಸುವವನಿಗೆ ಹಿಟ್ಟಿನ ಹುಳಿ ನೋಡಿ ಹದ ಹೇಳಬಲ್ಲ ಕೈ ಬೇಕು. ಅದು ಅಲ್ಲಿ ಸುಲಭದಲ್ಲಿ ಸಿಗುವುದಿಲ್ಲ. ಆದರೆ ಆ ಪತ್ರದಲ್ಲಿ ನಿಮ್ಮ ಕೈಯ ಜೊತೆಗೆ ಕಾಲೂ ಕಟ್ಟಿರುತ್ತದೆ. ಇಲ್ಲಿ ಗಲ್ಲಾದ ಮೇಲಿನವರೊಡನೆ ಜಗಳವಾದರೆ ಸಂಜೆಗೆ ಇನ್ನೊಂದು ಹೊಟೇಲಿನಲ್ಲಿ ಚಾಪೆ ಹಾಸುತ್ತೇವೆ. ಅಲ್ಲಿ ಹಾಗಲ್ಲ.

ನಾನು ಕಂಡುಂಡದ್ದನ್ನೇ ಹೇಳುವೆ. 2012ರಲ್ಲಿ, ನನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ದೋಹಾಕ್ಕೆ ಹೋದೆ. ದಲಾಲನಿಗೆ ಎಂಬತ್ತೈದು ಸಾವಿರ ಕೊಟ್ಟೆ. ಇಲ್ಲಿ ಹೇಳಿದ್ದು ಅಡುಗೆಯವನ ಕೆಲಸ; ಅಲ್ಲಿಯ ಕಾಗದದಲ್ಲಿದ್ದದ್ದು ಕ್ಲೀನರ್. ಅಡುಗೆ ಮಾಡಿಸಿದರು, ಸಂಬಳ ಮಾತ್ರ ಕ್ಲೀನರಿನದು. ಇಳಿದ ದಿನವೇ ಪಾಸ್‌ಪೋರ್ಟು ಮ್ಯಾನೇಜರರ ಕಪಾಟು ಸೇರಿತು. ಎರಡನೆಯ ವರ್ಷ ಊರಿನಲ್ಲಿ ತಂದೆಯವರಿಗೆ ಕಾಯಿಲೆ ಹೆಚ್ಚಾಯಿತು. ಆಗಿನ ಕತಾರಿನ ಕಾನೂನಿನಲ್ಲಿ ಸ್ಪಾನ್ಸರನ ಒಪ್ಪಿಗೆಯಿಲ್ಲದೆ ದೇಶ ಬಿಡುವಂತಿರಲಿಲ್ಲ. ಮಾಲಕರು ಊರಲ್ಲಿಲ್ಲ, ನಾಳೆ ಬಾ ಎಂದರು. ಹನ್ನೊಂದು ದಿನ ನಾಳೆ ಬಂತು. ನಾನು ಮನೆ ಮುಟ್ಟುವಾಗ ಬೊಜ್ಜದ ಚಪ್ಪರ ಬಿಚ್ಚುತ್ತಿದ್ದರು.

ಆ ದೇಶದಲ್ಲಿ ಈಗ ಅಷ್ಟು ಕಟ್ಟಿಲ್ಲ. 2018ರಲ್ಲಿ ಹೆಚ್ಚಿನ ಕೆಲಸಗಾರರಿಗೆ ಆ ಒಪ್ಪಿಗೆಯ ಚೀಟಿ ಬೇಡವಾಯಿತು. 2020ರಲ್ಲಿ ಹಳೆಯ ಮಾಲಕನ ಅನುಮತಿಯಿಲ್ಲದೆ ಕೆಲಸ ಬದಲಿಸಲು ಕಾನೂನು ಮಾಡಿದರು. 2021ರ ಮಾರ್ಚಿನಿಂದ ಕನಿಷ್ಠ ಸಂಬಳ ತಿಂಗಳಿಗೆ 1,000 ರಿಯಾಲು. ಊಟ, ವಸತಿ ಕೊಡದಿದ್ದರೆ ಊಟಕ್ಕೆ 300, ವಸತಿಗೆ 500 ಬೇರೆ ಎಂದಾಯಿತು. ಕಾನೂನು ಕಾಗದದಲ್ಲಿದೆ, ಸಂತೋಷ. ಆದರೆ ಕಪಾಟಿನ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಹೋಗಿ ಬಂದವರನ್ನು ಕೇಳಿಕೊಳ್ಳಿ.

ಇನ್ನು ಇಂಗ್ಲೆಂಡಿನ ಮಾತು. ಅಲ್ಲಿ 2020ರ ಡಿಸೆಂಬರದಲ್ಲಿ 'ಸ್ಕಿಲ್ಡ್ ವರ್ಕರ್' ಎಂಬ ವೀಸಾ ಆರಂಭವಾಯಿತು. ಅಡುಗೆಯವರಿಗೂ ಅದರಲ್ಲಿ ಜಾಗವಿತ್ತು. ನಮ್ಮವರು ಕೆಲವರು ಹೋದರು, ಚೆನ್ನಾಗಿಯೂ ಇದ್ದಾರೆ. 2024ರ ಏಪ್ರಿಲಿನಲ್ಲಿ ವರ್ಷದ ಸಾಮಾನ್ಯ ಸಂಬಳದ ಮಿತಿಯನ್ನು 26,200 ಪೌಂಡಿನಿಂದ ಒಮ್ಮೆಗೇ 38,700ಕ್ಕೆ ಏರಿಸಿದರು. ಸಣ್ಣ ಹೊಟೇಲಿನವರು ಕೈ ಚೆಲ್ಲಿದರು. 2025ರ ಜುಲೈ 22ರಂದು ಪದವಿ ಮಟ್ಟದ ಕೆಲಸಗಳಿಗೇ ಈ ವೀಸಾ ಎಂದು ಮಾಡಿದರು. ಕೊರತೆಯಿರುವ ಕೆಲವು ಕೆಲಸಗಳನ್ನು ಬೇರೆ ಪಟ್ಟಿಯಲ್ಲಿ ಉಳಿಸಿಕೊಂಡರು, ಅದರಲ್ಲಿ ಅಡುಗೆಯವರನ್ನು ಸೇರಿಸಲಿಲ್ಲ. ಅದಕ್ಕೆ ಮುಂಚೆ ಆ ವೀಸಾದಲ್ಲಿದ್ದವರು ಮುಂದುವರಿಯಬಹುದು. ಇಲ್ಲಿಂದ ಹೊಸದಾಗಿ ಹೋಗುವ ಅಡುಗೆಯವನಿಗೆ ಆ ಬಾಗಿಲು ಅಂದೇ ಮುಚ್ಚಿತು.

ಈಗ ತಿಳಿಯಿತೆ, ವಕೀಲರು ಹುಡುಗನ ಮುಖವನ್ನೇಕೆ ನೋಡಿದರೆಂದು? ಬಾಗಿಲು ಮುಚ್ಚಿದ್ದು ಜುಲೈಯಲ್ಲಿ. ಅವನ ಕಾಗದ ನವೆಂಬರದ್ದು. ಪರವಾನಗಿ ಪಡೆದ ಮಾಲಕರ ಪಟ್ಟಿಯನ್ನು ಆ ಸರಕಾರವೇ ಎಲ್ಲರೂ ನೋಡುವಂತೆ ಪ್ರಕಟಿಸುತ್ತದೆ. ಹುಡುಕಿದೆವು, ಆ ಹೊಟೇಲಿನ ಹೆಸರೇ ಅಲ್ಲಿರಲಿಲ್ಲ.

ದಲಾಲನು ಇನ್ನೊಂದು ಮಾತು ಹೇಳಿದ್ದನಂತೆ: "ಹೊಸ ಒಪ್ಪಂದವಾಗಿದೆ, ಅಡುಗೆಯವರಿಗೆ 1,800 ಜಾಗ ಇದೆ." ಪೂರ್ತಿ ಸುಳ್ಳಾದರೆ ಹಿಡಿಯುವುದು ಸುಲಭ, ಇದರಲ್ಲಿ ಅರ್ಧ ನಿಜವಿತ್ತು. ಬಾಗಿಲು ಮುಚ್ಚಿದ ಎರಡೇ ದಿನಕ್ಕೆ, ಜುಲೈ 24ರಂದು, ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ವರ್ಷಕ್ಕೆ 1,800 ಎಂಬ ಸಂಖ್ಯೆ ಅದರಲ್ಲಿದೆ. ಆದರೆ ಅದು ಯೋಗ ಕಲಿಸುವವರು, ಶಾಸ್ತ್ರೀಯ ಸಂಗೀತಗಾರರು, ಅಡುಗೆಮನೆಯ ಮುಖ್ಯಸ್ಥರು, ಈ ಮೂವರಿಗೂ ಸೇರಿ. ಅದೂ ಗುತ್ತಿಗೆಯ ಮೇಲೆ ತಾತ್ಕಾಲಿಕವಾಗಿ ಹೋಗುವವರಿಗೆ. ಈಸ್ಟ್ ಹ್ಯಾಮಿನ ಹೊಟೇಲಿನಲ್ಲಿ ಐದು ವರ್ಷದ ನೌಕರಿ ಎಂದು ಅದರ ಅರ್ಥವಲ್ಲ.

ಹಣದ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ನಮ್ಮವರು ಮುಳುಗುವುದೇ ಅಲ್ಲಿ. ಆ ಸ್ಪಾನ್ಸರ್ ಪತ್ರಕ್ಕೆ ಮಾಲಕನು ತನ್ನ ಸರಕಾರಕ್ಕೆ ಕಟ್ಟುವ ಶುಲ್ಕ 2025ರ ಏಪ್ರಿಲಿನಲ್ಲಿ 525 ಪೌಂಡು ಆಯಿತು. ನಮ್ಮ ಲೆಕ್ಕದಲ್ಲಿ ಅರುವತ್ತು ಸಾವಿರದ ಆಸುಪಾಸು. 2024ರ ಡಿಸೆಂಬರ 31ರಿಂದಾಚೆ ಕೊಟ್ಟ ಪತ್ರಗಳ ಆ ಶುಲ್ಕವನ್ನೂ, ಮಾಲಕನ ಪರವಾನಗಿಯ ಶುಲ್ಕವನ್ನೂ ಕೆಲಸಗಾರನಿಂದ ವಸೂಲು ಮಾಡಕೂಡದೆಂದು ನಿಯಮವಿದೆ. ಹೊರದೇಶದವರನ್ನು ತರಿಸುವುದಕ್ಕಾಗಿ ಕಟ್ಟುವ 'ಸ್ಕಿಲ್ಸ್ ಚಾರ್ಜ್' ಕೂಡ ಮಾಲಕನದೇ ಹೊರೆ. ಕೆಲಸಗಾರನ ಮೇಲೆ ಬರುವುದು ವೀಸಾ ಶುಲ್ಕ, ವರ್ಷಕ್ಕೆ 1,035 ಪೌಂಡಿನಂತೆ ವೈದ್ಯಕೀಯ ಶುಲ್ಕ, ಇಂಥವು. ಅದೂ ಕಡಿಮೆಯೇನಲ್ಲ, ಆದರೆ ರಶೀದಿ ಸಿಗುವ ಹಣ. ಹಾಗಾದರೆ ಹನ್ನೆರಡು ಲಕ್ಷ ಯಾತಕ್ಕೆ? ಮಾರುವಂತೆಯೇ ಇಲ್ಲದ ಕಾಗದಕ್ಕೆ ದಲಾಲನು ಕಟ್ಟಿದ ಬೆಲೆ ಅದು.

ಕಾಗದ ನಿಜವೇ ಆಗಿದ್ದವರಿಗೂ ಒಂದು ಮಾತು. ಮಾಲಕನ ಪರವಾನಗಿ ರದ್ದಾದರೆ, ಕೆಲಸ ಹೋದರೆ, ಬೇರೆ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಅರುವತ್ತು ದಿನ ಕೊಡುತ್ತಾರೆ. ತಪ್ಪು ಮಾಲಕನದಾದರೂ ಗಂಟು ಕಟ್ಟಬೇಕಾದವನು ಕೆಲಸಗಾರ. ಅಲ್ಲಿರುವ ನಿಮ್ಮ ಅಣ್ಣತಮ್ಮಂದಿರಿಗೆ ಇದನ್ನು ತಿಳಿಸಿರಿ.

ಕೊಲ್ಲಿ ದೇಶಗಳಿಗೆ ಹೋಗುವವರು ನಮ್ಮಲ್ಲಿ ಹೆಚ್ಚು. ಹತ್ತನೆಯ ಇಯತ್ತೆ ಪಾಸಾಗದ ನನ್ನಂಥವರ ಪಾಸ್‌ಪೋರ್ಟಿನಲ್ಲಿ ಈ.ಸಿ.ಆರ್. ಎಂದು ಬಿದ್ದಿರುತ್ತದೆ. ಅದನ್ನು ಅವಮಾನವೆಂದು ತಿಳಿಯಬೇಡಿ. ನಮ್ಮನ್ನು ಕಳುಹಿಸುವ ಮೊದಲು ಕರಾರು ನೋಡತಕ್ಕದ್ದೆಂದು ಸರಕಾರಕ್ಕೆ ಹಾಕಿದ ಕಟ್ಟು ಅದು. ನೋಂದಣಿಯಾದ ಏಜೆಂಟನು ನಮ್ಮಿಂದ 30,000 ರೂಪಾಯಿ ಮತ್ತು ತೆರಿಗೆ, ಇದಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅವನ ಹೆಸರು 'ಇ-ಮೈಗ್ರೇಟ್' ಎಂಬ ಸರಕಾರಿ ತಾಣದಲ್ಲಿ ಸಿಗಬೇಕು. ಆ ದಾರಿಯಲ್ಲಿ ಹೋದವನಿಗೆ ಹತ್ತು ಲಕ್ಷದ ವಿಮೆ ಇದೆ. "ಈಗ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸೋಣ" ಎಂದವನಿಗೆ ಚಾ ಕುಡಿಸಿ ಕಳುಹಿಸಿಬಿಡಿ. ವಲಸಿಗರ ಸಂರಕ್ಷಕರ ಕಚೇರಿ ಬಾಂದ್ರಾ-ಕುರ್ಲಾ ಸಂಕೀರ್ಣದ ವಿದೇಶ ಭವನದಲ್ಲಿದೆ. ಲೋಕಲ್ ಗಾಡಿಯ ಟಿಕೇಟಿನಷ್ಟೇ ಖರ್ಚು.

ಆ ಹುಡುಗನ ಸಂಗತಿ ಹೇಳಿ ಕುಳಿತುಕೊಳ್ಳುತ್ತೇನೆ. ನಾವು ನಾಲ್ವರು ಅವನೊಡನೆ ದಲಾಲನಲ್ಲಿಗೆ ಹೋದೆವು. ಮೊದಲು ಗುರುತೇ ಇಲ್ಲವೆಂದ. ಬ್ಯಾಂಕಿನ ಕಾಗದ ಮುಂದಿಟ್ಟ ಮೇಲೆ ಒಂದೂವರೆ ಲಕ್ಷ ತಿರುಗಿ ಕೊಟ್ಟ. ಉಳಿದ ಎರಡೂವರೆಗೆ ಪೋಲೀಸು ಠಾಣೆಯಲ್ಲಿ ದೂರು ಬರೆಸಿದ್ದೇವೆ. ಜಾಗದ ಅಡವು ನಿಂತಿದೆ. ಹುಡುಗ ಪುನಃ ಕಾವಲಿಯ ಮುಂದಿದ್ದಾನೆ. ಇವತ್ತು ಡ್ಯೂಟಿ ಇರುವುದರಿಂದ ಸಭೆಗೆ ಬರಲಾಗಲಿಲ್ಲ. ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲವಂತೆ.

ನಿಮ್ಮಲ್ಲಿ ಯಾರ ಹತ್ತಿರವಾದರೂ ಇಂಥ ಕಾಗದವಿದ್ದರೆ, ನಾಚಿಕೆ ಪಡದೆ ಮಧ್ಯಾಹ್ನ ಮೂರರಿಂದ ಐದರ ಬಿಡುವಿನಲ್ಲಿ ಕಚೇರಿಗೆ ತನ್ನಿ. ಹಣ ಕೊಡುವುದಕ್ಕೆ ಮುಂಚೆ ತನ್ನಿ.